ಪಾಸಿಂಗಿಗೆ ಬಳಿದ ಬಣ್ಣ

ಬನಹಟ್ಟಿ

ಜರ್ಮನಿಗೆ ಹೋಗಿಬಂದೆ ಎಂದರೆ ಜನ ಕೋಟೆ, ನದಿ, ಚರ್ಚಿನ ಗೋಪುರದ ಬಗ್ಗೆ ಕೇಳುತ್ತಾರೆ. ಅವೆಲ್ಲ ಅಲ್ಲಿವೆಯಂತೆ. ನಾನು ಅಲ್ಲಿ ಹೆಚ್ಚು ಹೊತ್ತು ನೋಡಿದ್ದು ಒಂದು ಹಳೆಯ ಕಾರಿನ ಹೊಟ್ಟೆಯನ್ನು. ಅದಕ್ಕೆ ಕಾರಣ ನಮ್ಮ ಅಣ್ಣ.

ಅಣ್ಣ ಗುರುಪಾದಪ್ಪ ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡವನು. ನಾನು ಮದುವೆಯಾಗಿ ಜಮಖಂಡಿ ಸೇರಿದವಳು. ಬೀಳಗಿಯ ಒಂದು ಕಚೇರಿಯಲ್ಲಿ ಗುಮಾಸ್ತಳಾಗಿದ್ದೆ; ದಿನವೂ ಬಸ್ಸಿನಲ್ಲಿ ಓಡಾಡಿ ಓಡಾಡಿ ಈಗ ನಿವೃತ್ತಿಯಾಗಿದ್ದೇನೆ. ಅಣ್ಣನ ಮಗಳು ಸುಮಾ ಜರ್ಮನಿಯ ಒಂದು ಸಣ್ಣ ಊರಿನ ಬಟ್ಟೆ ಗಿರಣಿಯಲ್ಲಿ ಬಣ್ಣ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ನೇಕಾರರ ಮನೆಯ ಹುಡುಗಿ, ಎಲ್ಲಿ ಹೋದರೂ ನೂಲು ಬಿಡಲಿಲ್ಲ. "ಒಮ್ಮೆ ಬಂದ್ ಹೋಗಪ್ಪಾ" ಎಂದು ಅವಳು ಎರಡು ವರ್ಷದಿಂದ ಕರೆಯುತ್ತಿದ್ದಳು. ಒಬ್ಬನೇ ವಿಮಾನ ಹತ್ತಲು ಅಣ್ಣನಿಗೆ ಧೈರ್ಯವಿಲ್ಲ, ಅದನ್ನು ಒಪ್ಪಿಕೊಳ್ಳಲು ಮನಸ್ಸಿಲ್ಲ. "ನಮ್ಮ ಶಾಂತಾಗ ಪರದೇಶ ನೋಡೂ ಆಸೆ ಐತಿ, ಪಾಪ" ಎಂದು ಊರಿಗೆಲ್ಲ ಹೇಳಿ ನನ್ನನ್ನು ಹೊರಡಿಸಿದ.

ಹೊರಡುವ ಮುಂಚೆ ಅವನು ಒಂದು ದೊಡ್ಡ ಕೆಲಸ ಮಾಡಿದ. ನಮ್ಮ ಅಪ್ಪನ ಅಂಬಾಸಿಡರ್ ಕಾರನ್ನು ಮುಧೋಳದ ಹಣಮಂತ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದು ಬಿಟ್ಟ. ಅಪ್ಪ ಆ ಕಾರಿನಲ್ಲಿ ಸೀರೆಯ ಗಂಟುಗಳನ್ನು ಹೇರಿಕೊಂಡು ಕೊಲ್ಹಾಪುರ, ಸೋಲಾಪುರ ತಿರುಗುತ್ತಿದ್ದ. ಹಿಂದಿನ ಸೀಟಿನಲ್ಲಿ ಗಂಟು, ಗಂಟಿನ ಮೇಲೆ ನಾವಿಬ್ಬರು. ಅಪ್ಪ ಹೋದ ಮೇಲೆ ಕಾರು ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು. ನೋಂದಣಿಯ ಅವಧಿ ಎಂದೋ ಮುಗಿದಿತ್ತು. ಗುಜರಿಗೆ ಹಾಕದೆ ಉಳಿಸಿಕೊಳ್ಳುವ ದಾರಿ ಒಂದೇ. ಐವತ್ತು ವರ್ಷ ದಾಟಿದ ವಾಹನಗಳಿಗೆ ಸರ್ಕಾರ ವಿಂಟೇಜ್ ಎಂಬ ಬೇರೆ ನೋಂದಣಿ ತಂದಿದೆ. ನಂಬರ್ ಪ್ಲೇಟಿನ ಮೇಲೆ 'ವಿಎ' ಎಂಬ ಎರಡು ಅಕ್ಷರ ಬರುತ್ತವೆ. ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ, ಪ್ರದರ್ಶನಕ್ಕೋ ರ್‍ಯಾಲಿಗೋ ಒಯ್ಯಬಹುದು. ಅಣ್ಣನಿಗೆ ಅಷ್ಟು ಸಾಕಿತ್ತು. ಅರ್ಜಿ ಹಾಕುವ ಮುನ್ನ ಗಾಡಿ ನೋಡುವಂತಿರಬೇಕಲ್ಲ ಎಂದು ಹಣಮಂತನಿಗೆ ಅಪ್ಪಣೆ ಕೊಟ್ಟ: ಹಳೆಯ ಪೆಟ್ರೋಲ್ ಇಂಜಿನ್ ತೆಗೆದು ಜೀಪಿನ ಡೀಸೆಲ್ ಇಂಜಿನ್ ಕೂಡಿಸು, ತುಕ್ಕು ಹಿಡಿದ ಬಾಗಿಲು ಕತ್ತರಿಸಿ ಹೊಸ ತಗಡು ಹಾಕು, ಮೇಲೆ ಕೆಂಪು ಬಣ್ಣ ಹೊಡೆ.

"ಬರೂದ್ರಾಗ ಮದಿಮಗನಂಗ ನಿಂದ್ರಸ್ತೇನ್ರೀ ಸಾವ್ಕಾರ್ರ" ಎಂದ ಹಣಮಂತ.

ಹೀಗೆ ಕಾರಿನ ಚಿಂತೆ ಕಳೆದು ನಾವು ಹೊರಟೆವು.

ವಿಮಾನ ನಿಲ್ದಾಣ

ಜರ್ಮನಿಯ ಮೊದಲ ತಪಾಸಣೆ ಆದದ್ದು ಶೇಂಗಾ ಚಟ್ನಿಗೆ. ಪೊಲೀಸಿನಂಥ ಸಮವಸ್ತ್ರದ ಒಬ್ಬ ಯುವಕ ಅಣ್ಣನ ಚೀಲ ತೆರೆಸಿದ. ಕೆಂಪು ಪುಡಿಯ ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದ. ಎರಡು ಸಲ ಸೀನಿದ. ಏನೆಂದು ಕೇಳಿದ. ಅಣ್ಣ ಒಂದು ಚಿಟಿಕೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡು ತೋರಿಸಿದ, ಇನ್ನೊಂದು ಚಿಟಿಕೆ ಅವನ ಮುಂದೆ ಹಿಡಿದ. ಅವನು ತಲೆಯಾಡಿಸಿ ಡಬ್ಬಿ ಮುಚ್ಚಿ ಕೊಟ್ಟ.

"ಪಾಸಾತು ನೋಡು" ಎಂದ ಅಣ್ಣ. ಅಲ್ಲಿಂದ ಅವನ ಧೈರ್ಯ ಹೆಚ್ಚಿತು. ಹೆಚ್ಚಬಾರದಿತ್ತು.

ಸುಮಾಳ ಊರು

ಊರು ತೇರದಾಳಕ್ಕಿಂತ ದೊಡ್ಡದೇನಲ್ಲ. ಆದರೆ ಸದ್ದಿಲ್ಲ. ನಮ್ಮ ಬನಹಟ್ಟಿಯಲ್ಲಿ ಮಗ್ಗದ ಖಟಖಟ ನಿಂತರೆ ಜನಕ್ಕೆ ಎಚ್ಚರವಾಗುತ್ತದೆ, ಕರೆಂಟು ಹೋಯಿತೆಂದು ಗೊತ್ತಾಗುತ್ತದೆ. ಇಲ್ಲಿ ಅಣ್ಣನಿಗೆ ಸದ್ದಿಲ್ಲದ್ದಕ್ಕೇ ನಿದ್ದೆ ಬರಲಿಲ್ಲ. "ಊರಾಗ ಯಾರರ ಸತ್ತಾರೇನ?" ಎಂದು ಮಗಳನ್ನು ಕೇಳಿದ.

ಸುಮಾಳ ಪಕ್ಕದ ಮನೆಯವರು ಕ್ಲೌಸ್. ಬೇಕರಿ ನಡೆಸಿ ನಿವೃತ್ತರಾದ ಮನುಷ್ಯ, ಒಬ್ಬರೇ ಇದ್ದಾರೆ. ಎತ್ತರದ ಆಳು, ಮಾತು ಕಡಿಮೆ. ತಮ್ಮ ಮನೆಯ ಮುಂದಿನ ಬೀದಿಯನ್ನು ತಾವೇ ಗುಡಿಸುತ್ತಾರೆ, ಪಕ್ಕದವರ ಗಡಿ ಬಂದ ಕೂಡಲೇ ಕಸಬರಿಗೆ ನಿಲ್ಲಿಸುತ್ತಾರೆ. ಒಂದು ಎಲೆಯನ್ನೂ ಆಚೆ ತಳ್ಳುವುದಿಲ್ಲ, ಆಚೆಯ ಎಲೆಯನ್ನು ತಾವು ತೆಗೆಯುವುದೂ ಇಲ್ಲ. ನಮ್ಮಲ್ಲಾದರೆ ಕಸ ಆಚೆ ಹೋಗಿ, ಮಾತು ಈಚೆ ಬಂದು, ಸಂಜೆಯ ಹೊತ್ತಿಗೆ ಪಂಚಾಯ್ತಿ ಕೂಡುತ್ತಿತ್ತು.

ಅವರ ಶೆಡ್ಡಿನಲ್ಲಿ ಒಂದು ಹಳೆಯ ನೀಲಿ ಕಾರಿತ್ತು. ಬೇಕರಿ ಶುರು ಮಾಡಿದ ಕಾಲದಲ್ಲಿ ಬ್ರೆಡ್ಡು ಹಂಚಲು ಕೊಂಡದ್ದಂತೆ. ಅದನ್ನು ನೋಡಿದ ಅಣ್ಣ ಚಪ್ಪಲಿ ಬಿಟ್ಟು ಒಳಗೆ ಹೋದ. ಕ್ಲೌಸ್ ಅವನ ಬರಿಗಾಲನ್ನು ನೋಡಿದರು. ಅಣ್ಣ ಕನ್ನಡದಲ್ಲಿ ಮಾತಾಡಿದ, ಅವರು ಜರ್ಮನಿನಲ್ಲಿ ಉತ್ತರಿಸಿದರು. ಮೋಟರ್ ಎಂಬಲ್ಲಿ ಇಬ್ಬರೂ ಸೇರಿದರು. ಸುಮಾ ಆಫೀಸಿನಿಂದ ಬರುವಷ್ಟರಲ್ಲಿ ಇಬ್ಬರೂ ಒಂದೇ ಬಾನೆಟ್ಟಿನೊಳಗೆ ತಲೆಯಿಟ್ಟು ನಿಂತಿದ್ದರು.

ಆ ಶುಕ್ರವಾರ ಕಾರಿನ ತಪಾಸಣೆ ಇತ್ತು. ಅಲ್ಲಿಯೂ ಹಳೆಯ ಕಾರುಗಳಿಗೆ ಬೇರೆ ಪ್ಲೇಟು. ಮೂವತ್ತು ವರ್ಷ ದಾಟಿ, ಪರಿಣತರ ಪರೀಕ್ಷೆಯಲ್ಲಿ ಪಾಸಾದರೆ ನಂಬರಿನ ಕೊನೆಗೆ 'ಎಚ್' ಅಕ್ಷರ ಸಿಗುತ್ತದೆ. ಅದು ಸಿಕ್ಕರೆ ತೆರಿಗೆ ಸುಲಭ, ಹೊಗೆಯ ಕಟ್ಟಳೆಯಿರುವ ನಗರಗಳೊಳಗೂ ಬಿಡುತ್ತಾರೆ. ಚಳಿಗಾಲ ಬರುವ ಮುನ್ನ ಆ ಪ್ಲೇಟು ಹಾಕಿಸಿಕೊಂಡು ಒಂದು ಸುತ್ತು ಹೋಗಬೇಕೆಂಬುದು ಕ್ಲೌಸರ ಆಸೆ ಎಂದು ಸುಮಾ ಹೇಳಿದಳು.

"ಅಂದ್ರ ಪಾಸಿಂಗ್" ಎಂದ ಅಣ್ಣ. ಅವನ ಕಣ್ಣು ಅರಳಿದವು.

ಗುರುವಾರ

ನಮ್ಮ ಕಡೆ ಪಾಸಿಂಗ್ ಎಂದರೆ ಏನೆಂದು ಓದುಗರಿಗೆ ಗೊತ್ತು. ಲಾರಿ, ಟೆಂಪೊ, ಟ್ರ್ಯಾಕ್ಟರ್ ಯಾವುದೇ ಇರಲಿ, ಪಾಸಿಂಗಿಗೆ ಒಯ್ಯುವ ಮುನ್ನಾದಿನ ಅದಕ್ಕೆ ಬಣ್ಣ ಬಳಿಯುತ್ತಾರೆ. ಟೈರಿಗೆ ಕಪ್ಪು, ಬಂಪರಿಗೆ ಬಿಳಿ, ಹಿಂದೆ ಕೆಂಪು ಪಟ್ಟಿ. ಬಣ್ಣದ ವಾಸನೆಯೇ ವಾಹನ ಗಟ್ಟಿಯಿದೆ ಎನ್ನುವುದಕ್ಕೆ ಸಾಕ್ಷಿ. ಬಣ್ಣ ಹಚ್ಚದೆ ಗಾಡಿ ಒಯ್ಯುವುದೆಂದರೆ ಸ್ನಾನ ಮಾಡದೆ ಗುಡಿಗೆ ಹೋದಂತೆ. ನಮ್ಮ ಕಚೇರಿಯಲ್ಲೂ ಹಾಗೆಯೇ. ಮೇಲಧಿಕಾರಿ ಬರುತ್ತಾರೆಂದರೆ ಸೋರುವ ಗೋಡೆಗೆ ಮೊದಲು ಸುಣ್ಣ.

ಗುರುವಾರ ಮಧ್ಯಾಹ್ನ ಕ್ಲೌಸ್ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದರು. ಶೆಡ್ಡಿನ ಬಾಗಿಲು ತೆರೆದಿತ್ತು. ನಾನು ಸುಮಾಳ ಅಡುಗೆಮನೆಯಲ್ಲಿ ರೊಟ್ಟಿ ತಟ್ಟಲು ಹೋಗಿ, ಹೊಗೆಗೆ ಕೂಗುವ ಯಂತ್ರವೊಂದು ಛಾವಣಿಯಲ್ಲಿ ಕೂಗಿಕೊಂಡು, ಅದರ ಬಾಯಿ ಮುಚ್ಚಿಸಲು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದೆ. ಹೀಗಾಗಿ ಅಣ್ಣ ಎಲ್ಲಿದ್ದಾನೆಂದು ನೋಡಲಿಲ್ಲ. ನೋಡಿದಾಗ ಅವನು ಕಾರಿನ ಕೆಳಗಿದ್ದ. ಕಾಲು ಮಾತ್ರ ಹೊರಗೆ.

"ಏನ್ ಮಾಡಾಕತ್ತೀ ಅಣ್ಣಾ?"

"ತಳದಾಗ ಅಲ್ಲಲ್ಲಿ ತುಕ್ಕ ಐತಿ ಬೇ. ಮುದುಕಗ ಬಗ್ಗಾಕ ಆಗೂದಿಲ್ಲ. ನಾಳೆ ಪಾಸಿಂಗ್ ಐತಿ. ಇಲ್ಲೇ ಕರೇ ಬಣ್ಣದ ಡಬ್ಬಿ ಇತ್ತು, ಛಲೋತ್ನಾಗಿ ಹಚ್ಚಿಬಿಟ್ಟೆ."

ಅವನು ಹೊರಗೆ ಬಂದಾಗ ಮೂಗು, ಮೀಸೆ, ಹುಬ್ಬು ಎಲ್ಲ ಕಪ್ಪಾಗಿದ್ದವು. ಮುಖದಲ್ಲಿ ಸಂತೋಷವೂ ಅಷ್ಟೇ ದಟ್ಟವಾಗಿತ್ತು. ಡಾಂಬರಿನಂಥ ಆ ಬಣ್ಣವನ್ನು ಅವನು ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಒಂದಂಗುಲ ಬಿಡದೆ ಬಳಿದಿದ್ದ.

ಕ್ಲೌಸ್ ಊದಿದ ದವಡೆಯೊಂದಿಗೆ ಬಂದು, ಬಗ್ಗಿ ನೋಡಿ, "ಓ" ಎಂದರು. ಬಹಳ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಎದ್ದು ಅಣ್ಣನ ಕೈ ಕುಲುಕಿದರು. ಹಲ್ಲುನೋವಿಗೆ ಮುಖ ಹಾಗಾಗಿದೆ ಎಂದು ಅಣ್ಣ ತಿಳಿದುಕೊಂಡ.

ಶುಕ್ರವಾರ

ತಪಾಸಣೆಯ ಜಾಗ ಆಸ್ಪತ್ರೆಯಂತೆ ಸ್ವಚ್ಛವಾಗಿತ್ತು. ಮಾಲೆ ಇಲ್ಲ, ನಿಂಬೆಹಣ್ಣಿಲ್ಲ, ಹೊರಗೆ ಚಹಾದಂಗಡಿಯೂ ಇಲ್ಲ. ಕರೆದ ಗಳಿಗೆಗೆ ಕಾರು ಒಳಗೆ ಹೋಗಬೇಕು. ಸುಮಾ ಅರ್ಧ ದಿನ ರಜೆ ಹಾಕಿ ನಮ್ಮೊಂದಿಗೆ ಬಂದಿದ್ದಳು.

ತಪಾಸಣಾಧಿಕಾರಿ ಒಬ್ಬ ತರುಣಿ. ಕೂದಲು ಎತ್ತಿ ಕಟ್ಟಿದ್ದಳು, ಕೈಯಲ್ಲಿ ಟಾರ್ಚು ಮತ್ತು ಒಂದು ಸಣ್ಣ ಸುತ್ತಿಗೆ. ಕಾರಿನ ಒಳಗೆಲ್ಲ ನೋಡಿದಳು. ಸೀಟಿನ ಬಟ್ಟೆ ಹರಿದಲ್ಲಿ ಹೊಲಿಗೆ ಹಾಕಿದ್ದನ್ನು ನೋಡಿ ತಲೆಯಾಡಿಸಿದಳು, ಮೆಚ್ಚಿಕೊಂಡಂತೆ. ಆಮೇಲೆ ಕಾರನ್ನು ಯಂತ್ರದ ಮೇಲೆ ಎತ್ತಿಸಿ ಕೆಳಗೆ ಬಂದಳು. ತೆಂಗಿನಕಾಯಿ ಬಡಿದು ನೋಡುವ ಹಾಗೆ ಸುತ್ತಿಗೆಯಿಂದ ತಳವನ್ನು ಬಡಿದಳು. ಸದ್ದು ಮೆತ್ತಗೆ ಬಂತು. ಬೆರಳು ಒತ್ತಿದಳು. ಬೆರಳು ಕಪ್ಪಾಯಿತು. ಮೂಸಿದಳು. ಟಾರ್ಚು ಆರಿಸಿದಳು.

ಅಣ್ಣ ಸುಮಾಳ ತೋಳು ತಿವಿದ. "ಏನಂತಾಳ?"

"ಏನ್ ಮುಚ್ಚೀರಿ ಅಂತ ಕೇಳಾಕತ್ತಾಳಪ್ಪಾ."

"ಏನೂ ಮುಚ್ಚಿಲ್ಲ ಅಂತ ಹೇಳು. ಛಂದ ಕಾಣ್ಲಿ ಅಂತ ಹಚ್ಚಿದ್ದು."

ಸುಮಾ ಹೇಳಿದಳು. ಆ ತರುಣಿ ಅಣ್ಣನನ್ನು ನೋಡಿ, ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಏನೋ ಹೇಳಿದಳು.

"ಛಂದ ಕಾಣೂದು ಬ್ಯಾಡಂತ" ಎಂದಳು ಸುಮಾ. "ಇದ್ದಂಗ ಕಾಣಬೇಕಂತ. ಹೊಸಾ ಬಣ್ಣದ ಕೆಳಗ ತೂತು ಐತೋ ತಗಡ ಐತೋ ತನಗ ಹ್ಯಾಂಗ ಗೊತ್ತಾಗಬೇಕು ಅಂತಾಳ. ಎಲ್ಲಾ ತಗದು ತರ್ರಿ, ಆಮ್ಯಾಲ ನೋಡ್ತೇನಿ ಅಂತ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ ಅಣ್ಣ. ಯಾರು ಬಳಿದದ್ದೆಂದು ಆಕೆ ಬರೆದುಕೊಳ್ಳಲು ಕೇಳಿದಳು. ಕ್ಲೌಸ್ ತಮ್ಮ ಎದೆಗೆ ಬೆರಳಿಟ್ಟು ತೋರಿಸಿದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ.

ಅಣ್ಣ ನಾಚಿಕೆಯಿಂದ ನೆಲ ನೋಡುತ್ತ ನಿಂತಿದ್ದ. ಏನನ್ನೋ ನೆನಪಿಸಿಕೊಂಡು ತಟ್ಟನೆ ತಲೆಯೆತ್ತಿದ. "ಸುಮಾ, ಇಂಜಿನ್ ಬದಲ ಮಾಡಿದ್ರ ನಡೀತದೇನು ಕೇಳು. ಬ್ಯಾರೆ ಗಾಡೀದು ಹಾಕಿದ್ರ?"

ಆ ತರುಣಿ ನಕ್ಕಳು. ಅದೇ ಕಾಲದ, ಅದೇ ಜಾತಿಯ ಇಂಜಿನ್ನಾದರೆ ನೋಡಬಹುದು, ಬೇರೆಯದು ಹಾಕಿದರೆ ಅದು ಹಳೆಯ ಅಂಗಿ ತೊಟ್ಟ ಬೇರೆ ಕಾರು ಎಂದಳು.

"ಇದು ಇವರ ಕಾಯ್ದೆ" ಎಂದ ಅಣ್ಣ, ಹೊರಗೆ ಬರುತ್ತ. "ನಮ್ಮದು ಹಾಂಗಿರಾಕಿಲ್ಲ. ನೋಡು ಒಂದಿಷ್ಟು."

ಸುಮಾ ಮೊಬೈಲಿನಲ್ಲಿ ನಮ್ಮ ನಿಯಮ ಹುಡುಕಿ ಓದಿದಳು. ಐವತ್ತು ವರ್ಷ ದಾಟಿರಬೇಕು, ಸರಿ. ಅದರ ಮುಂದಿನ ಸಾಲನ್ನು ಅಣ್ಣ ಊರಲ್ಲಿ ಓದಿಯೇ ಇರಲಿಲ್ಲ: ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು.

ಅಣ್ಣ ಅಲ್ಲೇ ಕಟ್ಟೆಯ ಮೇಲೆ ಕುಳಿತ. ಸುಮಾಳ ಫೋನಿನಿಂದಲೇ ಮುಧೋಳಕ್ಕೆ ಹಚ್ಚಿದ.

"ಹಣಮಂತಾ, ಗಾಡಿ ಮುಟ್ಟಬ್ಯಾಡ! ಎಲ್ಲಿದ್ದದ್ದು ಅಲ್ಲೇ ಬಿಡು!"

"ಗಾಡೀನಾ ಸಾವ್ಕಾರ್ರ? ದನಿ ಸರಿ ಕೇಳವಲ್ದ್ರಿ!" ಸ್ಪೀಕರಿನಲ್ಲಿ ಹಣಮಂತನ ಧ್ವನಿ ಉಲ್ಲಾಸದಿಂದಿತ್ತು. "ಎಲ್ಲಾ ಆತಲ್ರೀ! ಹಳೇ ಇಂಜಿನ್ ತಗದು ಒಗದೇನ್ರಿ. ಡೀಸೆಲ್ಲ ಕೂಡ್ಸೇನ್ರಿ. ಬಾಗಲಾ ಕತ್ತರಸೇನ್ರಿ. ಕೆಂಪು ಬಣ್ಣಾ ಹ್ಯಾಂಗ ಹೊಳ್ಯಾಕತ್ತೇತಿ ಅಂತೀರಿ, ಕಣ್ಣ ಕುಕ್ಕತೈತ್ರಿ!"

"ಹಳೇ ಇಂಜಿನ್ ಎಲ್ಲೈತಿ?"

"ಗುಜರಿಯಾಂವ ಒಯ್ದಾನ್ರಿ. ಚಿಂತೀ ಬಿಟ್ಟು ಆರಾಮ ದೇಶಾ ನೋಡಿ ಬರ್ರಿ!"

ಅಣ್ಣ ಫೋನನ್ನು ಮಗಳಿಗೆ ಕೊಟ್ಟ. ಬೈಯಲಿಲ್ಲ. ತಾನು ಹೇಳಿದ ಕೆಲಸವನ್ನೇ ಹಣಮಂತ ಮಾಡಿದ್ದು.

ಭಾನುವಾರ

ಶನಿವಾರವೆಲ್ಲ ಅಣ್ಣ ಮತ್ತು ಕ್ಲೌಸ್ ಅಂಗಾತ ಮಲಗಿ ಬಣ್ಣ ಕೆರೆದರು. ಭಾನುವಾರ ಬೆಳಿಗ್ಗೆ ಅಣ್ಣ ಮತ್ತೆ ಕೆರೆಯಲು ಶುರು ಮಾಡುವಷ್ಟರಲ್ಲಿ ಎದುರುಮನೆಯ ಹೆಂಗಸು ನೈಟ್ ಗೌನಿನಲ್ಲೇ ಬಂದು ಬೇಲಿಯ ಆಚೆ ನಿಂತು ತುಟಿಯ ಮೇಲೆ ಬೆರಳಿಟ್ಟಳು. ಅಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲ. ಮೊಳೆ ಹೊಡೆಯುವಂತಿಲ್ಲ, ಹುಲ್ಲು ಕತ್ತರಿಸುವ ಯಂತ್ರ ಓಡಿಸುವಂತಿಲ್ಲ. ಈ ಕಾಯ್ದೆ ಬನಹಟ್ಟಿಗೆ ಬಂದರೆ ಊರೇ ಊಟ ಬಿಡಬೇಕಾಗುತ್ತದೆ.

ಹಾಗಾಗಿ ಬಟ್ಟೆಗೆ ಎಣ್ಣೆ ಹಚ್ಚಿ ಸದ್ದಿಲ್ಲದೆ ಒರೆಸುತ್ತ ಕುಳಿತರು. ಕ್ಲೌಸ್ ಮಧ್ಯೆ ಎದ್ದು ಹೋಗಿ ಬ್ರೆಡ್ಡು, ಉಪ್ಪಿನಲ್ಲಿಟ್ಟ ಸೌತೆಕಾಯಿ ತಂದರು. ಅಣ್ಣ ಅದಕ್ಕೆ ಶೇಂಗಾ ಚಟ್ನಿ ಉದುರಿಸಿಕೊಟ್ಟ. ಕ್ಲೌಸರ ಕಣ್ಣಲ್ಲಿ ನೀರು ಬಂತು, ಆದರೂ ಎರಡನೇ ಸಲ ತಟ್ಟೆ ಮುಂದೆ ಹಿಡಿದರು.

ನಾನು ಚಹಾ ಒಯ್ದಾಗ ಅಣ್ಣ ನನ್ನ ಮುಖ ನೋಡದೆ ಹೇಳಿದ, "ಅಪ್ಪ ಆ ಇಂಜಿನ್ನ ಯಾರಿಗೂ ಮುಟ್ಟಾಕ ಕೊಡ್ತಿರಲಿಲ್ಲ ಶಾಂತಾ. ನನಗೊಬ್ಬಗ ಕಲಿಸಿದ್ದ. ನಾನೇ ತಗಸಿ ಒಗದ್ನಿ."

ನಾನು ಸಾಮಾನ್ಯವಾಗಿ ಅಣ್ಣನ ಕಾರಿನ ಹುಚ್ಚನ್ನು ನಗೆಯಾಡುವವಳು. ಅವತ್ತು ಮಾತ್ರ ಆ ಸೀರೆ ಗಂಟಿನ ವಾಸನೆ ಮೂಗಿಗೆ ಬಂತು. ಚಹಾ ಆರುತ್ತದೆ ಎಂದಷ್ಟೇ ಹೇಳಿ ಬಂದೆ.

ಮಂಗಳವಾರ

ಎರಡನೇ ತಪಾಸಣೆಯಲ್ಲಿ ಸುತ್ತಿಗೆಗೆ ತಗಡು ಖಣಖಣ ಎಂದಿತು. ತುಕ್ಕು ಮೇಲುಮೇಲಿನದು, ಒಂದು ಕಡೆ ಮಾತ್ರ ಬೆಸುಗೆ ಬೇಕು, ಅದನ್ನು ಬೇಗ ಮಾಡಿಸಿ ಎಂದು ಬರೆದು ಆ ತರುಣಿ ಸಹಿ ಹಾಕಿದಳು. ಬಣ್ಣವೇ ಇಲ್ಲದ ತಳ ನೋಡಿ ಆಕೆ ಖುಷಿಪಟ್ಟಳು. ಬಣ್ಣ ಇಲ್ಲವೆಂದು ಖುಷಿಪಡುವ ಸರ್ಟಿಫಿಕೇಟಿನವರನ್ನು ನಾನು ಮೊದಲು ನೋಡಿದ್ದು ಅಲ್ಲಿ.

ಎರಡು ದಿನ ಬಿಟ್ಟು 'ಎಚ್' ಪ್ಲೇಟು ಬಂತು. ಕ್ಲೌಸ್ ನಮ್ಮನ್ನೆಲ್ಲ ಕೂರಿಸಿಕೊಂಡು ಊರಾಚೆಯ ದ್ರಾಕ್ಷಿ ತೋಟಗಳ ನಡುವೆ ಒಯ್ದರು. ಅಣ್ಣನನ್ನು ಮುಂದೆ ಕೂರಿಸಿದರು. ಅವನು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದ. ಕ್ಲೌಸರ ಬಗ್ಗೆ ಅವನಿಗೆ ನಿಜವಾಗಿ ಸಂತೋಷವಿತ್ತು. ತನ್ನ ಬಗ್ಗೆ ಇರಲಿಲ್ಲ. ಇಳಿಯುವಾಗ ಕ್ಲೌಸ್ ಏನೋ ಹೇಳಿದರು. ನಿಮ್ಮ ಕಾರಿನ ಫೋಟೊ ಕಳಿಸಿ ಎನ್ನುತ್ತಿದ್ದಾರೆ ಎಂದಳು ಸುಮಾ. ಅಣ್ಣ ಆಗಲಿ ಎಂಬಂತೆ ಕತ್ತು ಆಡಿಸಿದ.

ಮುಧೋಳ

ಹುಬ್ಬಳ್ಳಿಯಲ್ಲಿ ರೈಲಿಳಿದು ಬಾಡಿಗೆ ಗಾಡಿ ಮಾಡಿಕೊಂಡು ಹೊರಟೆವು. ಮುಧೋಳ ಬಂದಾಗ ಅಣ್ಣ, "ನಿಂದ್ರಸಪಾ, ಒಮ್ಮೆ ನೋಡೇ ಬಿಡೂಣು" ಎಂದ. ಹೆಣದ ಮುಖ ನೋಡಲು ಹೋಗುವವರ ನಡಿಗೆ ಅವನದು.

ಗ್ಯಾರೇಜಿನ ಮುಂದೆ ರಸ್ತೆಯವರೆಗೂ ಟ್ರ್ಯಾಕ್ಟರುಗಳು ನಿಂತಿದ್ದವು. ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವ ಹೊತ್ತು. ಬಾಡಗಂಡಿಯ ಕಡೆಯವು, ಇತ್ತ ಚಿಮ್ಮಡದವು, ಎಲ್ಲವೂ ರಿಪೇರಿಗೆ ಬಂದಿದ್ದವು. ಹಣಮಂತ ನಮ್ಮನ್ನು ನೋಡಿದ. ನೋಡಿದವನೇ ಒಂದು ಟ್ರೇಲರಿನ ಹಿಂದೆ ಸರಿದ. ಅಣ್ಣ ಅವನನ್ನು ಕರೆಯಲಿಲ್ಲ, ನೇರ ಹಿತ್ತಲಿಗೆ ನಡೆದ. ನಾನು ಹಿಂದಿನಿಂದ ಹೋದೆ.

ಬೇವಿನ ಗಿಡದ ಕೆಳಗೆ ನಮ್ಮದೇ ತಾಡಪತ್ರಿ ಹೊದ್ದು ಕಾರು ನಿಂತಿತ್ತು. ನಾವೇ ಕಟ್ಟಿದ ಹಗ್ಗ, ಅಣ್ಣ ಹಾಕಿದ ಗಂಟು. ಅಣ್ಣ ಗಂಟು ಬಿಚ್ಚಿದ. ಕೆಂಪು ಬಣ್ಣವಿರಲಿಲ್ಲ. ಅಪ್ಪನ ಕಾಲದ ಮಾಸಿದ ಬೂದು ಬಣ್ಣ, ತುಕ್ಕು ತಿಂದ ಅದೇ ಬಾಗಿಲುಗಳು. ಅಣ್ಣ ಬಾನೆಟ್ ಎತ್ತಿದ. ಇಂಜಿನ್ ಇತ್ತು. ಅದರ ಮೇಲೆ ಒಂದು ಜೇಡ ಬಲೆ ನೇಯ್ದು ಮುಗಿಸಿತ್ತು.

ಹಣಮಂತ ಹಿಂದೆ ಬಂದು ನಿಂತಿದ್ದ. "ಮಾಫ್ ಮಾಡ್ರೀ ಸಾವ್ಕಾರ್ರ. ಕಬ್ಬಿನ ಸೀಜನ್ರೀ, ಟ್ರ್ಯಾಕ್ಟರದವ್ರು ಉಸುರಾಡಾಕ ಬಿಡವಲ್ರು. ಕೈನ ಹಚ್ಚಿಲ್ರಿ."

"ಫೋನ್ಯಾಗ ಎಲ್ಲಾ ಆತಂದಿ?"

"ನೀವು ಪರದೇಶದಾಗ ಇದ್ರಿ. ಆಗಿಲ್ಲಂತ ಹೇಳಿ ಯಾಕ್ ನಿಮ್ಮ ಮನಸ್ಸಿಗೆ ಬ್ಯಾಸರಾ ಮಾಡೂದು ಅಂತ ಆತಂದ್ನಿರಿ. ಬರೂದ್ರಾಗ ಮಾಡಿದ್ರಾತು ಅನ್ಕೊಂಡಿದ್ನಿ, ಖರೇನ್ರಿ."

ನಮ್ಮ ಕಡೆಯ ಮಿಸ್ತ್ರಿಗಳು, ಟೇಲರುಗಳು, ಬಡಿಗೇರರು ತಲೆತಲಾಂತರದಿಂದ ಹೇಳಿಕೊಂಡು ಬಂದ ಸುಳ್ಳು ಇದು. ಇದಕ್ಕೆ ಬೈಯುತ್ತಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಅಣ್ಣ ಇಂಜಿನ್ನಿನ ಮೇಲೆ ಎರಡೂ ಕೈಯಿಟ್ಟು, ತಲೆ ಬಗ್ಗಿಸಿ, ಭುಜ ಕುಲುಕುವಂತೆ ಅತ್ತ. ನಾನೂ ಕಣ್ಣೊರೆಸಿಕೊಂಡೆ.

ಹಣಮಂತ ಬೆವೆತು ಹೋದ. ದೊಡ್ಡ ಮನುಷ್ಯ ತನ್ನ ಗ್ಯಾರೇಜಿನಲ್ಲಿ ನಿಂತು ಅಳುತ್ತಿದ್ದಾನೆ, ತನ್ನ ಸುಳ್ಳಿನಿಂದ ಅಳುತ್ತಿದ್ದಾನೆ ಎಂದು ಅವನಿಗೆ ಜೀವವೇ ಬಾಯಿಗೆ ಬಂತು.

"ಅಳಬ್ಯಾಡ್ರೀ ಸಾವ್ಕಾರ್ರ! ನಿಮ್ಮ ಕಾಲ ಬೀಳ್ತೇನ್ರಿ. ಟ್ರ್ಯಾಕ್ಟರ್ ಎಲ್ಲಾ ಹಾಳಾಗಿ ಹೋಗ್ಲಿ, ಈಗಿಂದೀಗ ಚಾಲೂ ಮಾಡ್ತೇನ್ರಿ. ಸಂಜೀ ಅನ್ನೂದ್ರಾಗ ಈ ಇಂಜಿನ್ ಬಿಚ್ಚಿ ಗುಜರಿಗೆ ಒಗೀತೇನ್ರಿ, ದೇವರಾಣಿ!"

ಅವನು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಬಂದೇಬಿಟ್ಟ. ಅವನು ಹುಟ್ಟಿದಾಗಿನಿಂದ ಹೇಳಿದ ಮಾತನ್ನು ಹೇಳಿದ ಗಳಿಗೆಗೇ ನಡೆಸಲು ಹೊರಟದ್ದು ಬಹುಶಃ ಅದೇ ಮೊದಲು. ಅಣ್ಣ ಕಣ್ಣೀರನ್ನೂ ಒರೆಸಿಕೊಳ್ಳದೆ, ಎರಡೂ ತೋಳು ಚಾಚಿ ಕಾರಿಗೆ ಅಡ್ಡ ನಿಂತು ಕೂಗಿದ:

"ಏ, ಮುಟ್ಟೀ ಅಂದ್ರ ಕೈ ಮುರೀತೇನಿ ಮಗನ! ನಿನ್ನ ಟ್ರ್ಯಾಕ್ಟರ್ ನೀ ಮಾಡು ಹೋಗಲೇ!"